ನಮ್ಮ ಎದೆಯ ಭಾರ ಇಳಿಸಲು ಯಾರ ಸಹಿ ಬೇಕು?



ಹೆಣ್ಣಿನ ಎದೆಯ ಬಗ್ಗೆ ಮಾತನಾಡಲು ಈ ಸಮಾಜದಲ್ಲಿ ಎಲ್ಲರಿಗೂ ಅಧಿಕಾರವಿದೆ. ಬಸ್ಸಿನಲ್ಲಿ ಪಕ್ಕಕ್ಕೆ ನಿಂತವನಿಗಿದೆ, ಸಿನಿಮಾ ಹಾಡು ಬರೆಯುವವನಿಗಿದೆ, ಸೋಪು ಮಾರುವ ಕಂಪನಿಗಿದೆ, ಹೆಣ್ಣು ನೋಡಲು ಬಂದ ಗಂಡಿನ ಸೋದರತ್ತೆಗಿದೆ. ಆ ಎದೆಯನ್ನು ಹಗಲೂ ರಾತ್ರಿ ಹೊತ್ತು ತಿರುಗುವ ಹೆಣ್ಣು ಮಾತ್ರ ನೋವಾಗುತ್ತದೆ ಎಂದರೆ ಅವಳ ಬಾಯಿ ಮುಚ್ಚಿಸುತ್ತಾರೆ. ವಚನಕಾರರು ಸಂಕೋಚವಿಲ್ಲದೆ ಬಳಸಿದ 'ಮೊಲೆ' ಎಂಬ ಅಚ್ಚಗನ್ನಡದ ಮಾತು ಇಂದು ಬೈಗುಳವಾಗಿ ಉಳಿದಿದೆ. ವೈದ್ಯರ ಮುಂದೆ ಕೂತಾಗಲೂ ನಾವು "ಇಲ್ಲಿ" ಎಂದು ಬೆರಳು ತೋರಿಸಿ ತಲೆ ತಗ್ಗಿಸುತ್ತೇವೆ. ಈ ನಾಚಿಕೆ ನಮಗೆ ಹುಟ್ಟಿನಿಂದ ಬಂದದ್ದಲ್ಲ, ಕಲಿಸಿದ್ದು. ನಾಚಿಕೊಂಡವಳು ಪ್ರಶ್ನೆ ಕೇಳುವುದಿಲ್ಲ. ಪ್ರಶ್ನೆ ಕೇಳದವಳ ಮೈ ಮೇಲೆ ಯಾರು ಬೇಕಾದರೂ ತೀರ್ಮಾನ ಮಾಡಬಹುದು.

ನಾನು ಹೊಲಿಗೆಯವಳು. ಇಪ್ಪತ್ತು ವರ್ಷಗಳಿಂದ ಹೆಂಗಸರ ರವಿಕೆ ಹೊಲಿಯುತ್ತಿದ್ದೇನೆ. ಟೇಪು ಹಿಡಿದು ನಿಂತಾಗ ಹೆಂಗಸರು ಗಂಡನಿಗೂ ಹೇಳದ ಮಾತನ್ನು ನನಗೆ ಹೇಳುತ್ತಾರೆ. ಹೆಗಲ ಮೇಲೆ ಬ್ರಾ ಪಟ್ಟಿ ಕೊರೆದ ಗುಳಿಗಳನ್ನು ನೋಡಿದ್ದೇನೆ. ಬೇಸಿಗೆಯಲ್ಲಿ ಎದೆಯ ಕೆಳಗಿನ ಮಡಿಕೆಯಲ್ಲಿ ಬೆವರು ನಿಂತು, ಚರ್ಮ ಕೆಂಪಾಗಿ, ಹುಣ್ಣಾಗಿ, ವಾಸನೆ ಬರುತ್ತದೆಂದು ಮದುವೆ ಮುಂಜಿಗೆ ಹೋಗುವುದನ್ನೇ ಬಿಟ್ಟವರನ್ನು ನೋಡಿದ್ದೇನೆ. ಕುತ್ತಿಗೆ ನೋವು, ಬೆನ್ನು ನೋವು, ಕೈಬೆರಳು ಜೋಮು ಹಿಡಿಯುವುದು, ಅಂಗಾತ ಮಲಗಿದರೆ ಉಸಿರು ಕಟ್ಟಿದಂತಾಗುವುದು, ಇವೆಲ್ಲ ನನಗೂ ಇದ್ದವು. ಮಿಷನ್ನಿನ ಮುಂದೆ ಬಗ್ಗಿ ಕೂತರೆ ಹೊತ್ತು ಮುಳುಗುವಷ್ಟರಲ್ಲಿ ಕತ್ತೆತ್ತಲು ಆಗುತ್ತಿರಲಿಲ್ಲ. 2022ರಲ್ಲಿ, ನನ್ನ ನಲವತ್ತೊಂದನೆಯ ವಯಸ್ಸಿನಲ್ಲಿ, ಎದೆಯ ಗಾತ್ರ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡೆ. ಅದರಲ್ಲಿ ಏನಾಗುತ್ತದೆ, ಏನಾಗುವುದಿಲ್ಲ ಎಂದು ಮುಚ್ಚುಮರೆಯಿಲ್ಲದೆ ಹೇಳಬೇಕಾಗಿದೆ. ಜೊತೆಗೆ, ಆ ಆಪರೇಷನ್ ಟೇಬಲ್ಲಿಗೆ ಹೋಗುವ ದಾರಿಯಲ್ಲಿ ಒಬ್ಬ ಹೆಣ್ಣಿಗೆ ಎಷ್ಟು ಗೇಟುಗಳಿವೆ, ಆ ಗೇಟುಗಳ ಕೀಲಿಕೈ ಯಾರ ಸೊಂಟದಲ್ಲಿದೆ ಎಂಬುದನ್ನೂ ಹೇಳಬೇಕಾಗಿದೆ.

ಮೊದಲ ಗೇಟು ಮದುವೆಯ ಮಾರುಕಟ್ಟೆ. 2003ರಲ್ಲಿ ನನ್ನ ಮದುವೆಯ ಮಾತುಕತೆಯಲ್ಲಿ ಗಂಡಿನ ಕಡೆಯವರು ಹೇಳಿದ್ದು ಇಷ್ಟೇ: "ಹುಡುಗಿ ಮೈ ಸ್ವಲ್ಪ ಹೆಚ್ಚಾಯ್ತು. ನೀವೇ ಏನಾದ್ರೂ ಸರಿದೂಗಿಸಿ." ಸರಿದೂಗಿಸುವುದು ಎಂದರೆ ಇನ್ನು ಐವತ್ತು ಗ್ರಾಂ ಚಿನ್ನ. ನನ್ನ ತಂದೆ ಸಾಲ ಮಾಡಿ ಸರಿದೂಗಿಸಿದರು. ಕಪ್ಪಗಿದ್ದರೆ ಇಷ್ಟು, ಕುಳ್ಳಗಿದ್ದರೆ ಇಷ್ಟು, ಎದೆ ಚಿಕ್ಕದಿದ್ದರೆ ಇಷ್ಟು, ದೊಡ್ಡದಿದ್ದರೆ ಇಷ್ಟು ಎಂದು ದಂಡ ಕಟ್ಟುವ ಈ ವ್ಯವಸ್ಥೆಯಲ್ಲಿ ಹೆಣ್ಣಿನ ಮೈ ಎಂದರೆ ರಿಯಾಯಿತಿ ದರದ ಸರಕು. ವರದಕ್ಷಿಣೆ ನಿಷೇಧ ಕಾಯ್ದೆ ಬಂದದ್ದು 1961ರಲ್ಲಿ. ಆದರೂ ನಮ್ಮ ಮೈಯ ತೂಕವನ್ನು ಚಿನ್ನದ ತೂಕಕ್ಕೆ ಹಾಕಿ ನೋಡುವುದು ಇನ್ನೂ ನಿಂತಿಲ್ಲ.

ಎರಡನೆಯ ಗೇಟು ಮನೆ. ಮದುವೆಯಾಗಿ ಹತ್ತೊಂಬತ್ತು ವರ್ಷ "ಗುಡಾಣ", "ಎಮ್ಮೆ" ಎಂದು ನಗೆಯಾಡಿದ ಬಾಯಿಗಳೇ, ನಾನು ಚಿಕಿತ್ಸೆಯ ಮಾತು ತೆಗೆದ ದಿನ ಧರ್ಮ ಬೋಧಿಸಿದವು. "ದೇವ್ರು ಕೊಟ್ಟಿದ್ದನ್ನ ಕೊಯ್ಸಿಕೊಳ್ತಾರೇನೇ?" ಎಂದರು ಅತ್ತೆ. "ಜನ ಏನಂತಾರೆ?" ಎಂದರು ಯಜಮಾನರು. ನಿನಗೆಷ್ಟು ನೋವಿದೆ ಎಂದು ಒಬ್ಬರೂ ಕೇಳಲಿಲ್ಲ. ಹೀಯಾಳಿಸುವಾಗ ಆ ಎದೆ ನನ್ನದಾಗಿತ್ತು. ಅದರ ಬಗ್ಗೆ ತೀರ್ಮಾನಿಸುವಾಗ ಇದ್ದಕ್ಕಿದ್ದಂತೆ ಅದು ಮನೆತನದ ಆಸ್ತಿಯಾಯಿತು!

ಇದರ ಇನ್ನೊಂದು ಮುಖವನ್ನೂ ನೋಡಬೇಕು. ಅಂಗಡಿಗೆ ಬರುವ ಹೆಣ್ಣುಮಕ್ಕಳಲ್ಲಿ, ಆಪರೇಷನ್ ಮಾಡಿಸಿ ಸರಿ ಮಾಡಿಸು ಎಂದು ಗಂಡನಿಂದ ಪೀಡನೆ ಅನುಭವಿಸುವವರೂ ಇದ್ದಾರೆ. ಒಬ್ಬಳಿಗೆ ದೊಡ್ಡದು ಮಾಡಿಸಿಕೊ, ಇನ್ನೊಬ್ಬಳಿಗೆ ಚಿಕ್ಕದು ಮಾಡಿಸಿಕೊ. ನೋವಿರುವವಳಿಗೆ ಚಿಕಿತ್ಸೆ ಬೇಡ ಎನ್ನುವುದೂ, ನೋವಿಲ್ಲದವಳನ್ನು ಕತ್ತಿಗೆ ದೂಡುವುದೂ ಒಂದೇ ದಬ್ಬಾಳಿಕೆ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯ್ದೆ, 2005 ಇದನ್ನು ಸ್ಪಷ್ಟವಾಗಿ ಗುರುತಿಸಿದೆ. ಹೊಡೆತ ಮಾತ್ರವಲ್ಲ, ಅವಮಾನ, ಅಪಹಾಸ್ಯ, ಅಡ್ಡಹೆಸರಿಟ್ಟು ಕರೆಯುವುದು, ಆರೋಗ್ಯಕ್ಕೆ ಹಾನಿ ಮಾಡುವುದು, ಹಣಕಾಸಿನಿಂದ ವಂಚಿಸುವುದು ಇವೆಲ್ಲ ಹಿಂಸೆಯ ವ್ಯಾಖ್ಯೆಯೊಳಗೆ ಬರುತ್ತವೆ. ಹಿಂಸೆಯಿಂದಾದ ವೈದ್ಯಕೀಯ ಖರ್ಚನ್ನು ಕೇಳಲು 20ನೇ ಕಲಂನಲ್ಲಿ ಅವಕಾಶವಿದೆ. ಕ್ರೌರ್ಯದ ವಿರುದ್ಧ 1983ರಲ್ಲಿ ಬಂದ 498ಎ ಕಲಂ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 85 ಮತ್ತು 86ನೇ ಕಲಂಗಳಾಗಿ ಮುಂದುವರಿದಿದೆ. "ಬರೀ ತಮಾಷೆಗೆ ಅಂದೆ" ಎನ್ನುವವರಿಗೆ ಈ ಕಾಯ್ದೆಗಳನ್ನು ಓದಿ ಹೇಳಿ.

ಮೂರನೆಯ ಗೇಟು ಆಸ್ಪತ್ರೆಯ ಬಾಗಿಲಲ್ಲೇ ಇತ್ತು. ನಾನು ಮೊದಲು ಹೋದ ಖಾಸಗಿ ಆಸ್ಪತ್ರೆಯಲ್ಲಿ ವೈದ್ಯರು ನನ್ನ ಹೆಗಲನ್ನು ನೋಡುವ ಮೊದಲೇ ಕೇಳಿದರು, "ಯಜಮಾನರು ಬಂದಿಲ್ವೇನಮ್ಮ? ಅವರ ಸಹಿ ಬೇಕಾಗುತ್ತೆ." ಏಕೆ ಬೇಕು? ಸಮೀರಾ ಕೊಹ್ಲಿ ಪ್ರಕರಣದಲ್ಲಿ 2008ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಈ ಪ್ರಶ್ನೆಗೆ ಉತ್ತರ ಕೊಟ್ಟಿದೆ. ತಪಾಸಣೆಗೆಂದು ಅರಿವಳಿಕೆ ಕೊಟ್ಟಿದ್ದ 44 ವರ್ಷದ ಮಹಿಳೆಯ ಗರ್ಭಕೋಶವನ್ನು, ಅವರ ತಾಯಿಯ ಒಪ್ಪಿಗೆ ಪಡೆದು ತೆಗೆದುಹಾಕಿದ್ದರು. ಪ್ರಾಯಕ್ಕೆ ಬಂದ, ಬುದ್ಧಿ ಸ್ವಾಧೀನದಲ್ಲಿರುವ ರೋಗಿಯ ಪರವಾಗಿ ಇನ್ನೊಬ್ಬರು ಒಪ್ಪಿಗೆ ಕೊಡಲಾಗದು, ಚಿಕಿತ್ಸೆಯ ಸ್ವರೂಪ, ಅಪಾಯ, ಬೇರೆ ದಾರಿಗಳು ಎಲ್ಲವನ್ನೂ ರೋಗಿಗೇ ತಿಳಿಸಿ ಒಪ್ಪಿಗೆ ಪಡೆಯಬೇಕು ಎಂದಿತು ನ್ಯಾಯಾಲಯ. ನಿಮ್ಮ ಮೈಗೆ ನಿಮ್ಮ ಸಹಿ ಸಾಕು. ಜೊತೆಗೊಬ್ಬರು ಇರಲಿ ಎಂದು ಆಸ್ಪತ್ರೆ ಕೇಳಿದರೆ ಅದು ಬೇರೆ ಮಾತು. ಅಕ್ಕನೋ ಗೆಳತಿಯೋ ಬರಬಹುದು. ನನ್ನ ಜೊತೆ ಬಂದದ್ದು ನನ್ನಕ್ಕ. ಎರಡನೆಯ ಆಸ್ಪತ್ರೆಯ ಡಾಕ್ಟರಮ್ಮ ಸಹಿ ಕೇಳುವ ಮೊದಲು ಮುಕ್ಕಾಲು ಗಂಟೆ ಕೂರಿಸಿ, ಚಿತ್ರ ಬರೆದು, ವಿವರಿಸಿದರು. ಆ ಮುಕ್ಕಾಲು ಗಂಟೆ ಪ್ರತಿಯೊಬ್ಬ ಹೆಣ್ಣಿನ ಹಕ್ಕು. ಅದರಲ್ಲಿ ತಿಳಿದದ್ದನ್ನೂ, ನಾನು ಅನುಭವಿಸಿದ್ದನ್ನೂ ಈಗ ಕ್ರಮವಾಗಿ ಹೇಳುತ್ತೇನೆ.

ಮೊದಲಿಗೆ, ಚಿಕಿತ್ಸೆಗೆ ಮುಂಚೆ. ಎದೆಯಲ್ಲಿ ಹಾಲಿನ ಗ್ರಂಥಿಯೂ ಇದೆ, ಕೊಬ್ಬೂ ಇದೆ. ತೂಕ ಇಳಿಸಿದರೆ ಕೆಲವರಿಗೆ ಸ್ವಲ್ಪ ಕಡಿಮೆಯಾಗುತ್ತದೆ, ಗ್ರಂಥಿಯೇ ಹೆಚ್ಚಿರುವವರಿಗೆ ಹೆಚ್ಚೇನೂ ಆಗದು. ಆದ್ದರಿಂದ "ಊಟ ಕಡಿಮೆ ಮಾಡು" ಎಂಬುದೊಂದೇ ಉತ್ತರವಲ್ಲ. ಸಕ್ಕರೆ ಕಾಯಿಲೆ, ರಕ್ತಹೀನತೆ ಇದ್ದರೆ ಮೊದಲು ಹತೋಟಿಗೆ ತರಬೇಕು. ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು ಹಾಕುವವರು, ಬೀಡಿ ಸೇದುವವರು ಕನಿಷ್ಠ ನಾಲ್ಕು ವಾರ ಮುಂಚೆ ಬಿಡಬೇಕು, ಗಾಯ ಮಾಯುವವರೆಗೂ ಮುಟ್ಟಬಾರದು. ಅದು ರಕ್ತ ಸಂಚಾರ ಕುಗ್ಗಿಸಿ ಚರ್ಮವನ್ನೇ ಕೊಳೆಸಬಹುದು. ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳನ್ನೂ, ನಾಟಿ ಔಷಧಿಯನ್ನೂ ಸೇರಿಸಿ, ವೈದ್ಯರಿಗೆ ಹೇಳಬೇಕು. ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ನೀವಾಗಿ ನಿಲ್ಲಿಸಬೇಡಿ, ಅವರು ಹೇಳಿದಂತೆ ಮಾಡಿ. ವಯಸ್ಸಿಗೆ ತಕ್ಕಂತೆ ಮ್ಯಾಮೊಗ್ರಾಂ ಅಥವಾ ಸ್ಕ್ಯಾನಿಂಗ್ ಮಾಡಿಸಿ ಗಂಟು ಇಲ್ಲವೆಂದು ಖಚಿತ ಮಾಡಿಕೊಳ್ಳುತ್ತಾರೆ. ಹದಿಹರೆಯದವರಿಗೆ ಬೆಳವಣಿಗೆ ನಿಲ್ಲುವವರೆಗೆ ಕಾಯುವಂತೆ ಸಾಮಾನ್ಯವಾಗಿ ಹೇಳುತ್ತಾರೆ.

ಆ ದಿನ ಏನಾಗುತ್ತದೆ? ನಿಲ್ಲಿಸಿ, ಪೆನ್ನಿನಿಂದ ಎದೆಯ ಮೇಲೆ ಗುರುತು ಹಾಕುತ್ತಾರೆ. ಬಟ್ಟೆ ಕತ್ತರಿಸುವ ಮುಂಚೆ ನಾವು ಸೀಮೆಸುಣ್ಣದಲ್ಲಿ ಗೆರೆ ಎಳೆಯುವ ಹಾಗೆಯೇ. ಪೂರ್ತಿ ಅರಿವಳಿಕೆ ಕೊಡುತ್ತಾರೆ. ಸಾಮಾನ್ಯವಾಗಿ ಎರಡರಿಂದ ನಾಲ್ಕು ಗಂಟೆಯ ಕೆಲಸ. ಹೆಚ್ಚಿನ ಗ್ರಂಥಿ, ಕೊಬ್ಬು, ಚರ್ಮ ತೆಗೆದು, ತೊಟ್ಟನ್ನು ಮೇಲಕ್ಕೆ ಸರಿಸಿ ಕೂರಿಸಿ, ಉಳಿದ ಚರ್ಮವನ್ನು ಡಾರ್ಟ್ ಹಿಡಿದಂತೆ ಸೇರಿಸಿ ಹೊಲಿಯುತ್ತಾರೆ. ಬಹುತೇಕರಲ್ಲಿ ತೊಟ್ಟನ್ನು ಬೇರ್ಪಡಿಸುವುದಿಲ್ಲ, ರಕ್ತನಾಳ ಇರುವ ಅಂಗಾಂಶಕ್ಕೆ ಅಂಟಿಕೊಂಡಂತೆಯೇ ಅದನ್ನು ಸರಿಸುತ್ತಾರೆ. ತೀರಾ ದೊಡ್ಡದಿದ್ದಾಗ ಮಾತ್ರ ಕೆಲವೊಮ್ಮೆ ಬಿಡಿಸಿ ಮತ್ತೆ ಕಸಿ ಮಾಡಬೇಕಾಗುತ್ತದೆ. ಹೊಲಿಗೆಯ ಗೆರೆ ತೊಟ್ಟಿನ ಸುತ್ತ ಒಂದು, ಅಲ್ಲಿಂದ ಕೆಳಕ್ಕೆ ಒಂದು, ಹೆಚ್ಚು ತೆಗೆದಿದ್ದರೆ ಎದೆಯ ಕೆಳಗಿನ ಮಡಿಕೆಯುದ್ದಕ್ಕೂ ಇನ್ನೊಂದು. ತೆಗೆದ ಅಂಗಾಂಶವನ್ನು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಆ ವರದಿ ಕೇಳಿ ಪಡೆಯಿರಿ. ಕೆಲವರನ್ನು ಅದೇ ದಿನ ಮನೆಗೆ ಕಳಿಸುತ್ತಾರೆ, ಕೆಲವರು ಒಂದೆರಡು ರಾತ್ರಿ ಇರಬೇಕು. ನನಗೆ ಎರಡೂ ಬದಿ ನೀರು, ರಕ್ತ ಬಸಿಯಲು ನಳಿಕೆ ಹಾಕಿದ್ದರು, ಮಾರನೆಯ ದಿನ ತೆಗೆದರು.

ಮೊದಲ ವಾರ ನೋವಿರುತ್ತದೆ, ಮಾತ್ರೆಗೆ ತಗ್ಗುತ್ತದೆ. ಎದೆ ಊದಿ, ನೀಲಿಗಟ್ಟಿ, ಗಟ್ಟಿಯಾಗಿರುತ್ತದೆ. ಒಂದು ಹೆಚ್ಚು ಒಂದು ಕಡಿಮೆ ಕಾಣುತ್ತದೆ. ಕನ್ನಡಿ ನೋಡಿ ಹೆದರಬೇಡಿ, ಊತ ಇಳಿದು ರೂಪ ನಿಲ್ಲಲು ತಿಂಗಳುಗಳೇ ಬೇಕು. ಅಂಗಾತ ಮಲಗಬೇಕು. ತಂತಿ ಇಲ್ಲದ, ಮುಂದೆ ಹುಕ್ಕು ಇರುವ ಬಿಗಿ ಬ್ರಾ ಸುಮಾರು ಆರು ವಾರ ಹಗಲೂ ರಾತ್ರಿ ತೊಡಬೇಕು. ಕಲೆಗಳು ಮೊದಲ ಕೆಲವು ತಿಂಗಳು ಕೆಂಪಾಗಿ, ಗಡುಸಾಗಿರುತ್ತವೆ, ವರ್ಷ ಒಂದೂವರೆ ವರ್ಷದಲ್ಲಿ ಮಾಸುತ್ತವೆ. ಆದರೆ ಪೂರ್ತಿ ಹೋಗುವುದಿಲ್ಲ. ನಮ್ಮಂಥ ಕಪ್ಪು ಮೈಯವರಿಗೆ ಕಲೆ ಉಬ್ಬಿ ಬೆಳೆಯುವ ಸಂಭವ ಬಿಳಿ ಮೈಯವರಿಗಿಂತ ಹೆಚ್ಚು. ಕಲೆಯೇ ಇರುವುದಿಲ್ಲ ಎಂದು ಜಾಹೀರಾತು ಕೊಡುವವರ ಬಾಗಿಲಿಗೆ ಹೋಗಬೇಡಿ.

ಕಳೆದುಕೊಳ್ಳಬಹುದಾದದ್ದೂ ಇದೆ, ಅದನ್ನೂ ಮುಚ್ಚಿಡಬಾರದು. ತೊಟ್ಟಿನ ಸ್ಪರ್ಶಜ್ಞಾನ ಕಡಿಮೆಯಾಗಬಹುದು, ಕೆಲವರಿಗೆ ಮರಳಿ ಬರದೆಯೂ ಹೋಗಬಹುದು. ಮುಂದೆ ಮಗುವಾದರೆ ಹಾಲು ಕಡಿಮೆಯಾಗಬಹುದು ಅಥವಾ ಬರದೆ ಇರಬಹುದು. ತೊಟ್ಟು ಹಾಲಿನ ನಾಳಗಳಿಗೆ ಅಂಟಿಕೊಂಡೇ ಇದ್ದರೆ ಅವಕಾಶ ಹೆಚ್ಚು, ಕಸಿ ಮಾಡಿದ್ದರೆ ಆಸೆಯಿಲ್ಲ. ಸೋಂಕು, ರಕ್ತ ಹೆಪ್ಪುಗಟ್ಟುವುದು, ಹೊಲಿಗೆಗಳು ಕೂಡುವ ಕಡೆ ಗಾಯ ತೆರೆದುಕೊಂಡು ವಾರಗಟ್ಟಲೆ ಮಾಯದಿರುವುದು, ಅಪರೂಪಕ್ಕೆ ತೊಟ್ಟಿಗೆ ರಕ್ತ ಹೋಗದೆ ಅದು ಸಾಯುವುದು, ಇವೆಲ್ಲ ಇರುವ ಅಪಾಯಗಳೇ. ಜ್ವರ ಬಂದರೆ, ಒಂದೇ ಬದಿ ದಿಢೀರನೆ ಊದಿದರೆ, ತೊಟ್ಟು ಕಪ್ಪಾದರೆ, ಕಾಲಿನ ಮೀನಖಂಡ ಊದಿದರೆ, ಉಸಿರಾಡಲು ಕಷ್ಟವಾದರೆ ಆಸ್ಪತ್ರೆಗೆ ಓಡಬೇಕು, ಬೆಳಗಾಗಲಿ ಎಂದು ಕಾಯಬಾರದು. ತೂಕ ಹೆಚ್ಚಿದರೆ, ಬಸಿರಾದರೆ ಎದೆ ಮತ್ತೆ ಬೆಳೆಯಬಹುದು. ಈ ಆಪರೇಷನ್ನಿನಿಂದ ಕ್ಯಾನ್ಸರ್ ಬರುತ್ತದೆ ಎಂಬ ಮಾತು ಮಾತ್ರ ಶುದ್ಧ ಸುಳ್ಳು. ಮುಂದೆ ಮ್ಯಾಮೊಗ್ರಾಂ ಮಾಡಿಸುವಾಗ ಆಪರೇಷನ್ ಆಗಿದೆ ಎಂದು ಹೇಳಿದರೆ ಸಾಕು.

ಇಷ್ಟೆಲ್ಲ ಇದ್ದೂ ಏಕೆ ಮಾಡಿಸಿಕೊಂಡೆ ಎಂದರೆ, ನೋವು ಹೋಯಿತು. ಕುತ್ತಿಗೆ ಎತ್ತಿ ಕೂತು ದಿನಕ್ಕೆ ಎಂಟು ರವಿಕೆ ಹೊಲಿಯುತ್ತೇನೆ. ನನಗೆ ಎಡ ತೊಟ್ಟಿನಲ್ಲಿ ಸ್ಪರ್ಶ ಇಂದಿಗೂ ಅರ್ಧದಷ್ಟೇ. ಆ ಲೆಕ್ಕ ನಾನು ಮುಂಚೆಯೇ ತಿಳಿದು, ತೂಗಿ, ಒಪ್ಪಿಕೊಂಡದ್ದು. ಇನ್ನೊಬ್ಬಳು ಇದೇ ಲೆಕ್ಕ ತೂಗಿ ಬೇಡ ಎನ್ನಬಹುದು. ಅವಳ ಬೇಡವೂ ನನ್ನ ಬೇಕಿನಷ್ಟೇ ಗಟ್ಟಿ. ಇನ್ನೂ ಮಕ್ಕಳಾಗಬೇಕು, ಹಾಲೂಡಿಸಬೇಕು ಎನ್ನುವವಳಿಗೆ ಕಾಯಿರಿ ಎಂದು ವೈದ್ಯರು ಹೇಳಿದರೆ ಅದು ಸಲಹೆ. "ಮಗು ಆಗೋವರೆಗೂ ನಿನ್ನ ಮೈ ನಮ್ಮದು" ಎಂದು ಮನೆಯವರು ಹೇಳಿದರೆ ಅದು ದಬ್ಬಾಳಿಕೆ.

ಇನ್ನು ಯಾವ ವೈದ್ಯಕೀಯ ಪುಸ್ತಕವೂ ಬರೆಯದ ವಿಷಯ. ನಾಲ್ಕರಿಂದ ಆರು ವಾರ ಭಾರ ಎತ್ತಬಾರದು, ಕೈ ಮೇಲೆತ್ತಿ ಕೆಲಸ ಮಾಡಬಾರದು ಎಂದು ಚೀಟಿಯಲ್ಲಿ ಬರೆದುಕೊಡುತ್ತಾರೆ. ಅದನ್ನು ನಮ್ಮ ಭಾಷೆಗೆ ತಂದುಕೊಳ್ಳಿ. ನೀರಿನ ಕೊಡ ಎತ್ತುವಂತಿಲ್ಲ, ತುಂಬಿದ ಕುಕ್ಕರ್ ಇಳಿಸುವಂತಿಲ್ಲ, ಬಟ್ಟೆ ಒಗೆದು ಹಿಂಡುವಂತಿಲ್ಲ, ಅಟ್ಟದ ಮೇಲಿನ ಡಬ್ಬಿಗೆ ಕೈ ಚಾಚುವಂತಿಲ್ಲ, ಮಗುವನ್ನು ಸೊಂಟಕ್ಕೆ ಏರಿಸುವಂತಿಲ್ಲ. ಹೆಣ್ಣಿಗೆ ಬಾಣಂತನ ಬಿಟ್ಟರೆ ವಿಶ್ರಾಂತಿ ಎಂಬುದನ್ನೇ ಅರಿಯದ ನಮ್ಮ ಮನೆಗಳಲ್ಲಿ ಆರು ವಾರ ಯಾರು ಆ ಕೆಲಸ ಮಾಡುತ್ತಾರೆ? ಹತ್ತನೇ ದಿನಕ್ಕೆ ಒಲೆ ಮುಂದೆ ನಿಂತು ಹೊಲಿಗೆ ಬಿಚ್ಚಿಸಿಕೊಂಡವಳ ಗಾಯಕ್ಕೆ ಶಸ್ತ್ರವೈದ್ಯರು ಕಾರಣರಲ್ಲ, ಆ ಮನೆ ಕಾರಣ. ಆಪರೇಷನ್ ದಿನಾಂಕ ಗೊತ್ತುಮಾಡುವ ಮೊದಲು ಇದನ್ನು ಗೊತ್ತುಮಾಡಿಕೊಳ್ಳಿ. ನಾನು ಆರು ವಾರ ಅಕ್ಕನ ಮನೆಯಲ್ಲಿದ್ದೆ. ನಮ್ಮ ಬೀದಿಯ ಸ್ವಸಹಾಯ ಗುಂಪಿನ ಹೆಂಗಸರು ಸರದಿಯ ಮೇಲೆ ಅಂಗಡಿ ತೆರೆದರು.

ದುಡ್ಡಿನ ಗೇಟು ಕೊನೆಯದು. ನನ್ನ ವಿಮಾ ಕಂಪನಿ ಇದು ಸೌಂದರ್ಯ ಚಿಕಿತ್ಸೆ ಎಂದು ಒಂದೇ ಸಾಲಿನಲ್ಲಿ ಅರ್ಜಿ ತಳ್ಳಿಹಾಕಿತು. ಚೀಟಿ ಹಣ ಎತ್ತಿ, ಎರಡು ಬಳೆ ಮಾರಿ ಕಟ್ಟಿದೆ. ಬಳೆ ಮಾರಲು ನನಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಸ್ತ್ರೀಧನ ಹೆಣ್ಣಿನ ಸ್ವಂತ ಸೊತ್ತು ಎಂದು ಪ್ರತಿಭಾ ರಾಣಿ ಪ್ರಕರಣದಲ್ಲಿ 1985ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ನೀವು ಮಾತ್ರ ವಿಮಾ ಕಂಪನಿಯ ಒಂದು ಸಾಲಿಗೆ ಸುಮ್ಮನಾಗಬೇಡಿ. ವಿಮಾ ನಿಯಂತ್ರಣ ಪ್ರಾಧಿಕಾರ ಎಲ್ಲ ಕಂಪನಿಗಳಿಗೂ ಏಕರೂಪವಾಗಿ ಗೊತ್ತುಮಾಡಿದ ಹೊರಗಿಡುವಿಕೆಗಳ ಪಟ್ಟಿಯಲ್ಲಿ ಸೌಂದರ್ಯ ಮತ್ತು ಪ್ಲಾಸ್ಟಿಕ್ ಸರ್ಜರಿಯ ಷರತ್ತು ಎಂಟನೆಯದು. ಆದರೆ ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ನಂತರದ ಚಿಕಿತ್ಸೆಗೆ, ಮತ್ತು ಆರೋಗ್ಯಕ್ಕೆ ನೇರ ಹಾಗೂ ತಕ್ಷಣದ ಅಪಾಯ ನಿವಾರಿಸಲು ವೈದ್ಯಕೀಯವಾಗಿ ಅಗತ್ಯವೆಂದು ಚಿಕಿತ್ಸೆ ನೀಡುವ ವೈದ್ಯರು ಪ್ರಮಾಣೀಕರಿಸಿದ ಚಿಕಿತ್ಸೆಗೆ ಅದರಲ್ಲೇ ವಿನಾಯಿತಿ ಇದೆ. ಆದ್ದರಿಂದ ಚರ್ಮದ ಹುಣ್ಣಿಗೆ, ಬೆನ್ನು ನೋವಿಗೆ ತೋರಿಸಿದ ಪ್ರತಿ ಚೀಟಿಯನ್ನೂ ಇಟ್ಟುಕೊಳ್ಳಿ. ಅಗತ್ಯವನ್ನು ಕಾರಣ ಸಮೇತ ಬರೆಸಿಕೊಳ್ಳಿ. ಆಪರೇಷನ್ನಿಗೆ ಮುಂಚೆಯೇ ಲಿಖಿತ ಅನುಮತಿ ಕೇಳಿ. ನಿರಾಕರಿಸಿದರೆ ಕಂಪನಿಯ ಕುಂದುಕೊರತೆ ಅಧಿಕಾರಿಗೆ, ಅಲ್ಲೂ ಆಗದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಬರೆಯಿರಿ. ಅಲ್ಲಿ ಶುಲ್ಕವಿಲ್ಲ, ವಕೀಲರು ಬೇಕಿಲ್ಲ.

ಈ ಲೆಕ್ಕಾಚಾರ ನಮ್ಮ ದೇಶದ್ದೊಂದೇ ಅಲ್ಲ. ಅಮೆರಿಕದಲ್ಲಿ 1991ರಲ್ಲಿ ಷ್ನೂರ್ ಎಂಬ ಶಸ್ತ್ರವೈದ್ಯರು ಮತ್ತು ಸಂಗಡಿಗರು, ಮೈಯ ವಿಸ್ತೀರ್ಣಕ್ಕೆ ಎಷ್ಟು ಗ್ರಾಂ ಅಂಗಾಂಶ ತೆಗೆಯಲಾಗುತ್ತದೆ ಎಂಬ ಕೋಷ್ಟಕ ಪ್ರಕಟಿಸಿದರು. ಅಲ್ಲಿನ ಅನೇಕ ವಿಮಾ ಕಂಪನಿಗಳು ಅದನ್ನೇ ತಕ್ಕಡಿ ಮಾಡಿಕೊಂಡವು. ಗ್ರಾಂ ಸಾಲದಿದ್ದರೆ ನೋವು ಸುಳ್ಳು! ಇಲ್ಲಿ ಬೀಗರು ಚಿನ್ನವನ್ನು ಗ್ರಾಂನಲ್ಲಿ ತೂಗುತ್ತಾರೆ, ಅಲ್ಲಿ ಕಂಪನಿ ಮಾಂಸವನ್ನು ಗ್ರಾಂನಲ್ಲಿ ತೂಗುತ್ತದೆ. ಹೆಣ್ಣು ಬಾಯಿಬಿಟ್ಟು ಹೇಳಿದ ಮಾತಿಗೆ ಮಾತ್ರ ಎಲ್ಲೂ ತೂಕವಿಲ್ಲ.

ನಮ್ಮ ಚಳುವಳಿಯ ಸಂಗಾತಿಗಳಿಗೂ ಒಂದು ಮಾತು ಹೇಳಬೇಕು. ಪ್ಲಾಸ್ಟಿಕ್ ಸರ್ಜರಿ ಎಂದೊಡನೆ, ಅದು ಪುರುಷಪ್ರಧಾನ ಸೌಂದರ್ಯದ ಕಲ್ಪನೆಗೆ ಶರಣಾಗುವುದು ಎಂದು ನಮ್ಮ ಸಭೆಗಳಲ್ಲಿ ತೀರ್ಪು ಬರುತ್ತದೆ. ಆ ಅನುಮಾನಕ್ಕೆ ಕಾರಣವಿದೆ, ನಾನು ಅಲ್ಲಗಳೆಯುವುದಿಲ್ಲ. ಆದರೆ 1990ರ ದಶಕದಲ್ಲಿ ವಿಮೋಚನಾದ ಕಾರ್ಯಕರ್ತೆಯರು ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯಗಳ ವಾರ್ಡಿನಲ್ಲಿ ಸಾಯುತ್ತಿದ್ದ ಹೆಣ್ಣುಮಕ್ಕಳ ಪಕ್ಕ ಕೂತು, ಸ್ಟವ್ ಸಿಡಿತ ಎಂದು ದಾಖಲಾದ ಸಾವುಗಳ ಹಿಂದಿನ ವರದಕ್ಷಿಣೆಯನ್ನು ಬಯಲಿಗೆಳೆದದ್ದನ್ನು ನೆನೆಯಿರಿ. ಅಂಥ ಬೆಂಕಿಯಿಂದ ಬದುಕಿ ಬಂದವಳ ಎದೆಗಂಟಿದ ಗದ್ದವನ್ನು ಬಿಡಿಸಿ, ಕತ್ತೆತ್ತುವಂತೆ ಮಾಡುವುದೂ ಪ್ಲಾಸ್ಟಿಕ್ ಸರ್ಜರಿಯೇ. ಕತ್ತಿಯನ್ನು ದೂರಿ ಫಲವಿಲ್ಲ. ಯಾರ ನೋವಿಗಾಗಿ, ಯಾರ ಇಷ್ಟದಂತೆ, ಎಷ್ಟು ತಿಳಿದು ಎಂಬ ಮೂರು ಪ್ರಶ್ನೆ ಕೇಳಿ. ಗಂಡನ ಕಣ್ಣಿಗಾಗಿ ಎಂದರೆ ಅವಳ ಪರವಾಗಿ ನಾವು ಅಡ್ಡ ನಿಲ್ಲೋಣ. ನನ್ನ ಬೆನ್ನಿಗಾಗಿ ಎಂದರೆ ಅವಳ ಜೊತೆ ಆಸ್ಪತ್ರೆಗೆ ಹೋಗೋಣ. ಸೆರಗು ಹೊದ್ದು ನೋವು ನುಂಗಿದವಳನ್ನು ಸಹನಾಮಯಿ ಎಂದು ಹೊಗಳಿದವರು ಪುರೋಹಿತರು. ಅದೇ ಮಾತನ್ನು ನಾವು ಕ್ರಾಂತಿಯ ಭಾಷೆಯಲ್ಲಿ ಹೇಳುವುದು ಬೇಡ.

ನಮ್ಮ ಬೇಡಿಕೆಗಳು ದೊಡ್ಡವೇನಲ್ಲ. ಪ್ರಾಯಕ್ಕೆ ಬಂದ ಹೆಣ್ಣಿನ ಚಿಕಿತ್ಸೆಗೆ ಗಂಡನ ಸಹಿ ಕೇಳುವ ಪದ್ಧತಿಯನ್ನು ಆಸ್ಪತ್ರೆಗಳು ನಿಲ್ಲಿಸಬೇಕು. ಅಪಾಯಗಳ ವಿವರವಿರುವ ಒಪ್ಪಿಗೆ ಪತ್ರ ಕನ್ನಡದಲ್ಲಿರಬೇಕು, ಓದಲು ಬಾರದವರಿಗೆ ಓದಿ ಹೇಳಬೇಕು. ನೋವು ನಿವಾರಿಸುವ ಈ ಚಿಕಿತ್ಸೆಯನ್ನು ಸೌಂದರ್ಯದ ಪಟ್ಟಿಯಿಂದ ತೆಗೆದು, ಸರ್ಕಾರಿ ಜಿಲ್ಲಾ ಆಸ್ಪತ್ರೆಗಳಲ್ಲೂ ಸಿಗುವಂತೆ ಮಾಡಬೇಕು. ಪರೀಕ್ಷಿಸುವಾಗ ಮರೆ ಇರಬೇಕು, ಹೆಂಗಸೊಬ್ಬರು ಜೊತೆಗಿರಬೇಕು. ಮೈಯ ಬಗ್ಗೆ ಹೀಯಾಳಿಸುವುದು, ಚಿಕಿತ್ಸೆ ತಡೆಯುವುದು, ಚಿಕಿತ್ಸೆಗೆ ಬಲವಂತ ಮಾಡುವುದು ನಡೆದಾಗ ನಮ್ಮ ರಾಜ್ಯದಲ್ಲಿ ಸಂರಕ್ಷಣಾಧಿಕಾರಿಗಳಾಗಿರುವ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳು ಅದನ್ನು ಮನೆಯ ಜಗಳ ಎಂದು ವಾಪಸು ಕಳಿಸದೆ ದಾಖಲಿಸಿಕೊಳ್ಳಬೇಕು. ಅವರ ಬಳಿ ಹೋಗಲಾಗದವರು 181ಕ್ಕೆ ಫೋನ್ ಮಾಡಿ.

ಈ ಸಂಚಿಕೆಯನ್ನು ಓದಿ ಮುಚ್ಚಿಡಬೇಡಿ. ನಿಮ್ಮ ಸಂಘದ ಮುಂದಿನ ಸಭೆಯಲ್ಲಿ ಬಾಗಿಲು ಹಾಕಿಕೊಂಡಾದರೂ ಗಟ್ಟಿಯಾಗಿ ಓದಿ. ಕುತ್ತಿಗೆ ನೋವೆಂದು ವರ್ಷಗಟ್ಟಲೆ ಮುಲಾಮು ಹಚ್ಚಿಕೊಳ್ಳುತ್ತಿರುವ ಒಬ್ಬಳಾದರೂ ಅಲ್ಲಿ ಇರುತ್ತಾಳೆ. ಅವಳು ಆಪರೇಷನ್ ಮಾಡಿಸಿಕೊಳ್ಳಲಿ, ಬಿಡಲಿ. ತನ್ನ ನೋವಿಗೆ ಹೆಸರಿದೆ, ದಾರಿಯಿದೆ, ಆ ದಾರಿಗೆ ತನ್ನ ಸಹಿಯೇ ಸಾಕು ಎಂಬುದು ಅವಳಿಗೆ ತಿಳಿಯಲಿ.